ಕಾಲೇಜು ಕಾಣದ ಮೊರಿಲ್ ಕಟ್ಟಿಸಿದ ಕಾಲೇಜುಗಳು

ಅಮೆರಿಕದ ಹಲವು ಕ್ಯಾಂಪಸ್‌ಗಳಲ್ಲಿ ‘ಮೊರಿಲ್ ಹಾಲ್’ ಅಂತ ಒಂದು ಕಟ್ಟಡ ಇರುತ್ತದೆ. ಕಾರ್ನೆಲ್, ಅಯೋವಾ ಸ್ಟೇಟ್, ಮೇರಿಲ್ಯಾಂಡ್, ಮಿನ್ನೆಸೋಟಾ, ಒಕ್ಲಹೋಮಾ ಸ್ಟೇಟ್, ಇಲ್ಲೆಲ್ಲ ಇದೆ. ಯಾರೋ ದುಡ್ಡು ಕೊಟ್ಟ ದಾನಿಯ ಹೆಸರಿರಬೇಕು ಎಂದುಕೊಂಡು ನಾವು ಮುಂದೆ ನಡೆಯುತ್ತೇವೆ. ಆದರೆ ಜಸ್ಟಿನ್ ಸ್ಮಿತ್ ಮೊರಿಲ್ ಯಾವ ವಿಶ್ವವಿದ್ಯಾಲಯಕ್ಕೂ ದೊಡ್ಡ ದಾನ ಕೊಟ್ಟವರಲ್ಲ. ಅವರು ಒಬ್ಬ ರಾಜಕಾರಣಿ. 1862ರಲ್ಲಿ ಅವರು ಪಾಸು ಮಾಡಿಸಿದ ಒಂದು ಕಾಯ್ದೆಯಿಂದಾಗಿ ಪರ್ಡ್ಯೂ, ಇಲಿನಾಯ್, ಟೆಕ್ಸಸ್ ಎ ಅಂಡ್ ಎಂ, ವರ್ಜೀನಿಯಾ ಟೆಕ್‌ನಂಥ, ನಮ್ಮವರು ಎಂಎಸ್‌ಗೆ ಅರ್ಜಿ ಹಾಕುವ ಎಷ್ಟೋ ವಿಶ್ವವಿದ್ಯಾಲಯಗಳು ಹುಟ್ಟಿದವು ಅಥವಾ ಬೆಳೆದವು. ‘ಎ ಅಂಡ್ ಎಂ’ ಅನ್ನೋ ಅಕ್ಷರಗಳೂ ಆ ಕಾಯ್ದೆಯ ಗುರುತೇ. ಎ ಅಂದರೆ ಅಗ್ರಿಕಲ್ಚರಲ್, ಎಂ ಅಂದರೆ ಮೆಕ್ಯಾನಿಕಲ್.

ಈ ಲೇಖನದಲ್ಲಿ ನಾವು ಮೊರಿಲ್ ಅವರ ಜೀವನ, ಆ ಕಾಯ್ದೆ ಕೆಲಸ ಮಾಡಿದ ರೀತಿ, ಮತ್ತು ಅದರ ಬೆಲೆ ತೆತ್ತವರು ಯಾರು ಎಂಬ ಮೂರು ವಿಷಯ ನೋಡೋಣ. ಮೂರನೆಯದನ್ನು ಬಿಟ್ಟರೆ ಮೊದಲ ಎರಡು ಅರ್ಧ ಕಥೆಯಾಗುತ್ತವೆ.

ಕಮ್ಮಾರನ ಮಗ

ಮೊರಿಲ್ ಹುಟ್ಟಿದ್ದು 1810ರ ಏಪ್ರಿಲ್ 14ರಂದು, ವರ್ಮಾಂಟ್ ರಾಜ್ಯದ ಸ್ಟ್ರಾಫರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಕಮ್ಮಾರರು. ಮನೆಯಲ್ಲಿ ಹತ್ತು ಮಕ್ಕಳು, ಇವರೇ ಹಿರಿಯರು. ಓದಿನಲ್ಲಿ ಆಸಕ್ತಿ ಇತ್ತು, ಆದರೆ ಗಂಡುಮಕ್ಕಳನ್ನೆಲ್ಲ ಕಾಲೇಜಿಗೆ ಕಳಿಸುವ ಶಕ್ತಿ ತಂದೆಗೆ ಇರಲಿಲ್ಲ. ಹದಿನೈದರ ಆಸುಪಾಸಿನಲ್ಲೇ ಶಾಲೆ ಬಿಟ್ಟು ಊರಿನ ಅಂಗಡಿಯಲ್ಲಿ ಗುಮಾಸ್ತರಾದರು. ಅಲ್ಲಿಂದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಹೋಗಿ ವ್ಯಾಪಾರದ ಕೆಲಸ ಕಲಿತರು. 1831ರಲ್ಲಿ ಊರಿಗೆ ಮರಳಿ, ಮೊದಲು ಕೆಲಸ ಕೊಟ್ಟಿದ್ದ ಜೆಡಿಡಯಾ ಹ್ಯಾರಿಸ್ ಅವರ ಜೊತೆಯೇ ಪಾಲುದಾರರಾದರು.

ವ್ಯಾಪಾರ ಕೈಹಿಡಿಯಿತು. ಎಷ್ಟರಮಟ್ಟಿಗೆ ಎಂದರೆ 1848ರಲ್ಲಿ, 38ನೇ ವಯಸ್ಸಿಗೇ ಅಂಗಡಿ ವ್ಯವಹಾರದಿಂದ ನಿವೃತ್ತರಾಗಿ ಬೇಸಾಯಕ್ಕೆ ಇಳಿದರು. ತಾವೇ ವಿನ್ಯಾಸ ಮಾಡಿ ಗುಲಾಬಿ ಬಣ್ಣದ ಗಾಥಿಕ್ ಶೈಲಿಯ ಮನೆ ಕಟ್ಟಿಸಿದರು. ಆ ಮನೆ ಈಗ ಸರ್ಕಾರಿ ಸ್ಮಾರಕ. 1851ರಲ್ಲಿ ರೂತ್ ಸ್ವಾನ್ ಅವರನ್ನು ಮದುವೆಯಾದರು. ಕಾಲೇಜು ತಪ್ಪಿತು ಅಂತ ಓದು ನಿಲ್ಲಿಸಿದವರಲ್ಲ. ಪುಸ್ತಕ ತರಿಸಿಕೊಂಡು ಕಟ್ಟಡ ಕಲೆ, ತೋಟಗಾರಿಕೆ, ಇತಿಹಾಸ ಎಲ್ಲವನ್ನೂ ತಾವೇ ಓದಿಕೊಂಡರು.

1854ರಲ್ಲಿ ವಿಗ್ ಪಕ್ಷದಿಂದ ಕಾಂಗ್ರೆಸ್ಸಿನ ಕೆಳಮನೆಗೆ ಆರಿಸಿ ಬಂದರು. (ಕಾಂಗ್ರೆಸ್ ಅಂದರೆ ಇಲ್ಲಿ ಪಕ್ಷ ಅಲ್ಲ, ಅಮೆರಿಕದ ಸಂಸತ್ತು.) ಗುಲಾಮಗಿರಿಯ ಪ್ರಶ್ನೆಯಲ್ಲಿ ವಿಗ್ ಪಕ್ಷ ಒಡೆದುಹೋಗುತ್ತಿದ್ದ ಕಾಲ ಅದು. ಮೊರಿಲ್ ಬೇಗನೆ ಹೊಸ ರಿಪಬ್ಲಿಕನ್ ಪಕ್ಷ ಸೇರಿ, ವರ್ಮಾಂಟ್‌ನಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರಾದರು. 1867ರವರೆಗೆ ಕೆಳಮನೆ, ಆಮೇಲೆ ಸಾಯುವವರೆಗೂ ಸೆನೆಟ್. ಒಟ್ಟು ಸುಮಾರು 44 ವರ್ಷ ಬಿಡುವಿಲ್ಲದೆ ಸದಸ್ಯರಾಗಿದ್ದರು.

ಗೆದ್ದ ಮಸೂದೆಯೂ ಬಿತ್ತು

ಆ ಕಾಲದ ಅಮೆರಿಕದ ಕಾಲೇಜುಗಳಲ್ಲಿ ಮುಖ್ಯವಾಗಿ ಕಲಿಸುತ್ತಿದ್ದದ್ದು ಲ್ಯಾಟಿನ್, ಗ್ರೀಕ್, ಗಣಿತ, ಧರ್ಮಶಾಸ್ತ್ರ. ಪಾದ್ರಿಯಾಗುವವರಿಗೆ, ವಕೀಲರಾಗುವವರಿಗೆ ಅದು ಸರಿ. ರೈತನ ಮಗ, ಕಮ್ಮಾರನ ಮಗ ಅಲ್ಲಿಗೆ ಹೋಗಿ ಏನು ಮಾಡಬೇಕು? ಎಂಜಿನಿಯರಿಂಗ್ ಕಲಿಸುವ ಸಂಸ್ಥೆಗಳು ಬೆರಳೆಣಿಕೆಯಷ್ಟಿದ್ದವು: ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ, ರೆನ್ಸಲೇರ್, ವರ್ಮಾಂಟ್‌ನದೇ ನಾರ್ವಿಚ್, ಹೀಗೆ ಕೆಲವೇ.

1856ರಲ್ಲಿ ಮೊರಿಲ್ ಮೊದಲ ಪ್ರಯತ್ನ ಮಾಡಿದರು. ಸೇನೆಗೆ ವೆಸ್ಟ್ ಪಾಯಿಂಟ್ ಇರುವ ಹಾಗೆ ಬೇಸಾಯಕ್ಕೂ ರಾಷ್ಟ್ರೀಯ ಶಾಲೆಗಳು ಬೇಕೋ ಹೇಗೆ ಎಂದು ಪರಿಶೀಲಿಸಲು ಒಂದು ನಿರ್ಣಯ ಮಂಡಿಸಿದರು. ಅದು ಅಲ್ಲೇ ನಿಂತಿತು. 1857ರ ಡಿಸೆಂಬರ್‌ನಲ್ಲಿ ಬೇರೆ ದಾರಿ ಹಿಡಿದರು: ಫೆಡರಲ್ ಸರ್ಕಾರದ ಹತ್ತಿರ ಹಣ ಕಡಿಮೆ, ಪಶ್ಚಿಮದಲ್ಲಿ ಜಮೀನು ಬೇಕಾದಷ್ಟು. ಆ ಜಮೀನನ್ನು ರಾಜ್ಯಗಳಿಗೆ ಕೊಡೋಣ, ಅವು ಮಾರಿ ಬಂದ ಹಣದಲ್ಲಿ ಕಾಲೇಜು ನಡೆಸಲಿ.

ಈ ವಿಚಾರ ಮೊರಿಲ್ ಒಬ್ಬರದೇ ಅಲ್ಲ. ಇಲಿನಾಯ್‌ನಲ್ಲಿ ಜೋನಾಥನ್ ಬಾಲ್ಡ್‌ವಿನ್ ಟರ್ನರ್ ಎಂಬ ಪ್ರಾಧ್ಯಾಪಕರು 1850ರ ದಶಕದ ಆರಂಭದಿಂದಲೇ ದುಡಿಯುವ ಜನರಿಗೊಂದು ವಿಶ್ವವಿದ್ಯಾಲಯ ಬೇಕು ಎಂದು ಊರೂರು ತಿರುಗಿ ಹೇಳುತ್ತಿದ್ದರು. ಮಿಷಿಗನ್ ಮತ್ತು ಪೆನ್ಸಿಲ್ವೇನಿಯಾದಲ್ಲಿ 1855ರಲ್ಲೇ ಕೃಷಿ ಶಿಕ್ಷಣ ಸಂಸ್ಥೆಗಳು ಹುಟ್ಟಿದ್ದವು. ಅದನ್ನು ಇಡೀ ದೇಶದ ಕಾಯ್ದೆಯಾಗಿ ಮಾಡಿ, ಪಟ್ಟು ಬಿಡದೆ ದಡ ಮುಟ್ಟಿಸಿದ್ದು ಮೊರಿಲ್.

ಮಸೂದೆ ಹೋದ ಸಮಿತಿ ಅದನ್ನು ತಿರಸ್ಕರಿಸಬೇಕೆಂದು ವರದಿ ಕೊಟ್ಟಿತು. ಆಗ ಮೊರಿಲ್ 1858ರ ಏಪ್ರಿಲ್‌ನಲ್ಲಿ ಸದನದಲ್ಲಿ ದೀರ್ಘ ಭಾಷಣ ಮಾಡಿದರು. ಪೂರ್ವದ ರಾಜ್ಯಗಳಲ್ಲಿ ಮಣ್ಣು ಸವೆಯುತ್ತಿದೆ, ಇಳುವರಿ ಇಳಿಯುತ್ತಿದೆ, ಯುರೋಪಿನಲ್ಲಿ ಕೃಷಿ ಶಾಲೆಗಳು ಬಂದಿವೆ, ನಾವು ಹೊಸ ಜಮೀನು ಸಿಗುತ್ತದೆಂದು ಹಳೆಯದನ್ನು ಹಾಳುಗೆಡವುತ್ತಿದ್ದೇವೆ ಎಂಬುದು ಅವರ ವಾದದ ತಿರುಳು. ಕೆಳಮನೆಯಲ್ಲಿ 105-100ರಿಂದ ಗೆಲುವು. 1859ರ ಫೆಬ್ರವರಿಯಲ್ಲಿ ಸೆನೆಟ್‌ನಲ್ಲಿ 25-22. ಎರಡೂ ಕಡೆ ಕೂದಲೆಳೆಯ ಅಂತರ.

ಆದರೆ ಅಧ್ಯಕ್ಷ ಜೇಮ್ಸ್ ಬ್ಯುಕ್ಯಾನನ್ ವೀಟೋ ಹಾಕಿದರು. ಅವರ ಕಾರಣಗಳನ್ನು ಓದಿದರೆ ಇಂದಿನ ಚರ್ಚೆಗಳೇ ನೆನಪಾಗುತ್ತವೆ: ಖಜಾನೆ ಖಾಲಿ ಇದೆ, ಶಿಕ್ಷಣ ರಾಜ್ಯಗಳ ಕೆಲಸ, ಒಮ್ಮೆ ಕೊಟ್ಟರೆ ರಾಜ್ಯಗಳು ಕೇಂದ್ರಕ್ಕೆ ಕೈಚಾಚುವುದನ್ನು ರೂಢಿ ಮಾಡಿಕೊಳ್ಳುತ್ತವೆ, ಜಮೀನೆಲ್ಲ ದಳ್ಳಾಳಿಗಳ ಪಾಲಾಗುತ್ತದೆ, ಈಗಿರುವ ಕಾಲೇಜುಗಳಿಗೆ ಪೆಟ್ಟು ಬೀಳುತ್ತದೆ, ಸಂವಿಧಾನದಲ್ಲಿ ಇದಕ್ಕೆ ಅಧಿಕಾರವೇ ಇಲ್ಲ. ದಕ್ಷಿಣದ ಗುಲಾಮ ರಾಜ್ಯಗಳ ಹೆಚ್ಚಿನ ಸದಸ್ಯರ ವಿರೋಧವೂ ಇದೇ ದಿಕ್ಕಿನದು. ಕೇಂದ್ರ ಇವತ್ತು ಶಿಕ್ಷಣದಲ್ಲಿ ಕೈ ಹಾಕಿದರೆ ನಾಳೆ ಇನ್ಯಾವುದರಲ್ಲಿ ಕೈ ಹಾಕುತ್ತದೋ ಎಂಬ ಭಯ ಅವರಿಗಿತ್ತು.

1862: ಯುದ್ಧದ ನಡುವೆ ಒಂದು ಸಹಿ

1861ರಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಸದಸ್ಯರು ಕಾಂಗ್ರೆಸ್ ಬಿಟ್ಟು ಹೋದರು, ಬ್ಯುಕ್ಯಾನನ್ ಜಾಗಕ್ಕೆ ಲಿಂಕನ್ ಬಂದರು. ಮೊರಿಲ್ ಮಸೂದೆಯನ್ನು ಮತ್ತೆ ತಂದರು, ಈ ಬಾರಿ ಸೇನಾ ತರಬೇತಿಯನ್ನೂ ಪಾಠಪಟ್ಟಿಗೆ ಸೇರಿಸಿ. ಆಶ್ಚರ್ಯ ಅಂದ್ರೆ ಕೆಳಮನೆಯ ಸಮಿತಿ ಮತ್ತೆ ಬೇಡ ಎಂದಿತು. ಅದರ ಅಧ್ಯಕ್ಷರು ವಿಸ್ಕಾನ್ಸಿನ್‌ನವರು, ತಮ್ಮ ಕಡೆಯ ಜಮೀನನ್ನು ಪೂರ್ವದ ರಾಜ್ಯಗಳು ಮಾರಿಕೊಳ್ಳುವುದು ಪಶ್ಚಿಮದವರಿಗೆ ಇಷ್ಟವಿರಲಿಲ್ಲ. ಆಗ ಓಹಾಯೋದ ಸೆನೆಟರ್ ಬೆಂಜಮಿನ್ ವೇಡ್ ಅದೇ ಮಸೂದೆಯನ್ನು ಸೆನೆಟ್‌ನಲ್ಲಿ ಮಂಡಿಸಿದರು. ಒಂದು ರಾಜ್ಯದಲ್ಲಿ 10 ಲಕ್ಷ ಎಕರೆಗಿಂತ ಹೆಚ್ಚು ಆರಿಸಿಕೊಳ್ಳುವಂತಿಲ್ಲ ಎಂಬ ಮಿತಿ ಹಾಕಿ ಪಶ್ಚಿಮದವರನ್ನು ಸಮಾಧಾನ ಮಾಡಿದರು. ಜೂನ್ 10ರಂದು ಸೆನೆಟ್ 32-7ರಿಂದ, ಜೂನ್ 17ರಂದು ಕೆಳಮನೆ 90-25ರಿಂದ ಒಪ್ಪಿತು.

1862ರ ಜುಲೈ 2ರಂದು ಲಿಂಕನ್ ಸಹಿ ಹಾಕಿದರು. ಅದರ ಹಿಂದಿನ ದಿನವಷ್ಟೇ ವರ್ಜೀನಿಯಾದಲ್ಲಿ ಏಳು ದಿನಗಳ ಘೋರ ಕದನ ಮುಗಿದಿತ್ತು. ರಾಜಧಾನಿಗೆ ಗಾಯಾಳುಗಳು ಬರುತ್ತಿದ್ದ ವಾರದಲ್ಲಿ ಕಾಲೇಜುಗಳ ಕಾಯ್ದೆಗೆ ಸಹಿ ಬಿತ್ತು.

ಕಾಯ್ದೆಯ ಲೆಕ್ಕ

ಎಂಜಿನಿಯರಿಂಗ್ ಓದಿದವರಾದ್ದರಿಂದ ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿ ರಾಜ್ಯಕ್ಕೂ ಕಾಂಗ್ರೆಸ್ಸಿನಲ್ಲಿರುವ ಅದರ ಒಬ್ಬೊಬ್ಬ ಸದಸ್ಯನಿಗೆ 30,000 ಎಕರೆ ಲೆಕ್ಕದಲ್ಲಿ ಜಮೀನು. ವರ್ಮಾಂಟ್‌ಗೆ 2 ಸೆನೆಟರು, 3 ಕೆಳಮನೆ ಸದಸ್ಯರು. ಅಂದರೆ 5 × 30,000 = 1,50,000 ಎಕರೆ. ನ್ಯೂಯಾರ್ಕ್‌ಗೆ ಒಟ್ಟು 33 ಸದಸ್ಯರು, ಹಾಗಾಗಿ 9,90,000 ಎಕರೆ.

ವರ್ಮಾಂಟ್, ನ್ಯೂಯಾರ್ಕ್‌ನಂಥ ಹಳೆಯ ರಾಜ್ಯಗಳೊಳಗೆ ಫೆಡರಲ್ ಜಮೀನು ಇರಲಿಲ್ಲ. ಅವುಗಳಿಗೆ ‘ಸ್ಕ್ರಿಪ್’ ಎಂಬ ಚೀಟಿ ಕೊಟ್ಟರು. ರಾಜ್ಯ ಆ ಚೀಟಿಯನ್ನು ಮಾರಬೇಕು. ಕೊಂಡವನು ಪಶ್ಚಿಮಕ್ಕೆ ಹೋಗಿ ಅಷ್ಟು ಎಕರೆ ಆರಿಸಿಕೊಳ್ಳಬಹುದು. ಮಾರಿ ಬಂದ ಹಣ ಇಡುಗಂಟು. ಅದನ್ನು ಕನಿಷ್ಠ 5% ಬಡ್ಡಿ ಬರುವ ಕಡೆ ಹೂಡಬೇಕು. ಬಡ್ಡಿಯನ್ನು ಮಾತ್ರ ಖರ್ಚು ಮಾಡಬೇಕು. ಇಡುಗಂಟು ಕರಗಿದರೆ ರಾಜ್ಯವೇ ತುಂಬಿಕೊಡಬೇಕು. ಕಾಲೇಜಿನ ನಿವೇಶನ ಅಥವಾ ಪ್ರಯೋಗದ ಹೊಲ ಕೊಳ್ಳಲು 10% ಬಳಸಬಹುದು, ಕಟ್ಟಡಕ್ಕೆ ಒಂದು ಡಾಲರೂ ಇಲ್ಲ. ಐದು ವರ್ಷದೊಳಗೆ ಕಾಲೇಜು ಆಗಲೇಬೇಕು. ಬಂಡಾಯದಲ್ಲಿರುವ ರಾಜ್ಯಗಳಿಗೆ ಪಾಲಿಲ್ಲ. ದಕ್ಷಿಣಕ್ಕೆ ಇದು ಸಿಕ್ಕಿದ್ದು ಯುದ್ಧ ಮುಗಿದ ಮೇಲೆ.

ಕಲಿಸಬೇಕಾದ್ದು ಕೃಷಿ, ಯಂತ್ರವಿದ್ಯೆ, ಸೇನಾ ತರಬೇತಿ. ಜೊತೆಗೆ ಉಳಿದ ವಿಜ್ಞಾನ, ಸಾಹಿತ್ಯಗಳನ್ನು ಹೊರಗಿಡಬಾರದು ಎಂದೂ ಬರೆದರು. ಈ ಒಂದು ಮಾತು ದೊಡ್ಡದು. ದುಡಿಯುವವರ ಮಕ್ಕಳಿಗೆ ಬರೀ ಕೈಕಸುಬು ಸಾಕು ಎನ್ನುವ ಧೋರಣೆ ಮೊರಿಲ್ ಅವರದಾಗಿರಲಿಲ್ಲ.

ಸರಿ, ಹಣ ಎಷ್ಟು ಬಂತು? ಸರ್ಕಾರಿ ಲೆಕ್ಕದಲ್ಲಿ ಎಕರೆಗೆ 1.25 ಡಾಲರ್. ಆದರೆ ಎಲ್ಲ ರಾಜ್ಯಗಳೂ ಒಟ್ಟಿಗೇ ಚೀಟಿ ಮಾರಲು ಇಳಿದವು. ಅದೇ 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಉಳುವವರಿಗೆ 160 ಎಕರೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ಸಿಗುತ್ತಿತ್ತು. ಬೆಲೆ ಕುಸಿಯಿತು. ರೋಡ್ ಐಲೆಂಡ್ ತನ್ನ 1,20,000 ಎಕರೆ ಚೀಟಿಯನ್ನು 50,000 ಡಾಲರಿಗೆ ಮಾರಿತು, ಎಕರೆಗೆ ಸುಮಾರು 42 ಸೆಂಟ್. 5% ಹಿಡಿದರೆ ವರ್ಷಕ್ಕೆ 2,500 ಡಾಲರ್. ಅಷ್ಟರಲ್ಲಿ ಕಾಲೇಜು ನಡೆಯುತ್ತದಾ?

ಇನ್ನೊಂದು ತುದಿ ನ್ಯೂಯಾರ್ಕ್. ಎಜ್ರಾ ಕಾರ್ನೆಲ್ ರಾಜ್ಯದ ಚೀಟಿಗಳಲ್ಲಿ ಬಹುಪಾಲನ್ನು ತಾವೇ ಕೊಂಡು, ವಿಸ್ಕಾನ್ಸಿನ್‌ನಲ್ಲಿ ಸುಮಾರು 5 ಲಕ್ಷ ಎಕರೆ ಪೈನ್ ಕಾಡು ಆರಿಸಿ, ಬೆಲೆ ಏರುವವರೆಗೆ ವಿಶ್ವವಿದ್ಯಾಲಯಕ್ಕಾಗಿ ಹಿಡಿದಿಟ್ಟರು. ಅದರಿಂದ ಕೊನೆಗೆ 50 ಲಕ್ಷ ಡಾಲರಿಗೂ ಹೆಚ್ಚು ಬಂತು. ಕಾಯ್ದೆ ಒಂದೇ, ಫಲ ಮಾತ್ರ ಅದನ್ನು ನಡೆಸಿದವರ ತಾಳ್ಮೆಯ ಮೇಲೆ ನಿಂತಿತು.

ಆದರೂ ಬಾಗಿಲು ತೆರೆಯಿತು. ಕಾನ್ಸಾಸ್ ಸ್ಟೇಟ್ 1863ರಲ್ಲಿ 26 ಗಂಡು, 26 ಹೆಣ್ಣು ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಕ್ಯಾಲಿಫೋರ್ನಿಯಾ 1868, ಪರ್ಡ್ಯೂ 1869, ವರ್ಜೀನಿಯಾ ಟೆಕ್ 1872, ಟೆಕ್ಸಸ್ ಎ ಅಂಡ್ ಎಂ 1876. ಎಂಐಟಿಗೂ ಮಸಾಚುಸೆಟ್ಸ್‌ನ ಪಾಲಿನಲ್ಲಿ ಒಂದು ಭಾಗ ಸಿಕ್ಕಿತು.

ಆ ಜಮೀನು ಯಾರದು?

ಮೇಲಿನ ಲೆಕ್ಕದಲ್ಲಿ ಜಮೀನು ಎಲ್ಲಿಂದ ಬಂತು ಎಂಬ ಪ್ರಶ್ನೆ ಬರಲೇ ಇಲ್ಲ. 1858ರ ಭಾಷಣದಲ್ಲಾಗಲಿ ಬ್ಯುಕ್ಯಾನನ್ ವೀಟೋದಲ್ಲಾಗಲಿ ಅದು ಜಗಳದ ವಿಷಯವೇ ಆಗಿರಲಿಲ್ಲ. ‘ಸರ್ಕಾರಿ ಜಮೀನು’ ಅಂದರೆ ಮೂಲನಿವಾಸಿ ಜನಾಂಗಗಳಿಂದ ಯುದ್ಧದಲ್ಲಿ, ಬೆದರಿಕೆಯಲ್ಲಿ, ಅಲ್ಪ ಬೆಲೆಯ ಒಪ್ಪಂದಗಳಲ್ಲಿ ಕೈಬದಲಾದ ಜಮೀನು. ಕಾರ್ನೆಲ್‌ಗೆ ಹಣ ತಂದ ವಿಸ್ಕಾನ್ಸಿನ್‌ನ ಪೈನ್ ಕಾಡು ಒಜಿಬ್ವೆ ಜನರ ನೆಲ. ಕ್ಯಾಲಿಫೋರ್ನಿಯಾದಲ್ಲಂತೂ 1851-52ರಲ್ಲಿ ಅಲ್ಲಿನ ಜನಾಂಗಗಳ ಜೊತೆ ಮಾಡಿಕೊಂಡ 18 ಒಪ್ಪಂದಗಳನ್ನು ಸೆನೆಟ್ ಒಪ್ಪಲೇ ಇಲ್ಲ. ಆ ಜನಕ್ಕೆ ಭರವಸೆ ಕೊಟ್ಟ ನೆಲವೂ ಸಿಗಲಿಲ್ಲ, ಕಳೆದುಕೊಂಡದ್ದಕ್ಕೆ ಬೆಲೆಯೂ ಸಿಗಲಿಲ್ಲ.

2020ರಲ್ಲಿ ‘ಹೈ ಕಂಟ್ರಿ ನ್ಯೂಸ್’ ಪತ್ರಿಕೆ ಈ ಜಮೀನಿನ ತುಂಡು ತುಂಡನ್ನೂ ದಾಖಲೆಗಳಲ್ಲಿ ಹುಡುಕಿ ನಕಾಶೆ ಮಾಡಿತು. ಸುಮಾರು 1 ಕೋಟಿ 7 ಲಕ್ಷ ಎಕರೆಯ ಮೂಲ ಸಿಕ್ಕಿತು. ಅದು ಸುಮಾರು 250 ಮೂಲನಿವಾಸಿ ಸಮುದಾಯಗಳದ್ದು, ಲಾಭ ಹೋದದ್ದು 52 ವಿಶ್ವವಿದ್ಯಾಲಯಗಳಿಗೆ. ಮೂಲನಿವಾಸಿಗಳ ಕಾಲೇಜುಗಳನ್ನು ಲ್ಯಾಂಡ್ ಗ್ರಾಂಟ್ ಪಟ್ಟಿಗೆ ಸೇರಿಸಿದ್ದು 1994ರಲ್ಲಿ, ಮೊರಿಲ್ ಕಾಯ್ದೆಯಾಗಿ 132 ವರ್ಷದ ಮೇಲೆ.

ಕಮ್ಮಾರನ ಮಗನಿಗೆ ಬಾಗಿಲು ತೆರೆದ ಕಾಯ್ದೆಯೂ, ಒಜಿಬ್ವೆ ಮಕ್ಕಳ ನೆಲ ಮಾರಿದ ಕಾಯ್ದೆಯೂ ಒಂದೇ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡೋಕೆ ಆಗಲ್ಲ.

1890: ಎರಡನೇ ಕಾಯ್ದೆ

ಮೊದಲ ಕಾಯ್ದೆಯ ಹಣ ಸಾಲದು ಎಂಬುದು ಮೊರಿಲ್‌ಗೆ ಗೊತ್ತಿತ್ತು. 1872ರಿಂದ ಮತ್ತೆ ಮತ್ತೆ ಮಸೂದೆ ತಂದರು, ಮತ್ತೆ ಮತ್ತೆ ಬಿತ್ತು. ಕೊನೆಗೆ 1890ರ ಆಗಸ್ಟ್ 30ರಂದು, ಅವರಿಗೆ 80 ತುಂಬಿದ ವರ್ಷ, ಎರಡನೇ ಮೊರಿಲ್ ಕಾಯ್ದೆ ಜಾರಿಗೆ ಬಂತು. ಈ ಸಲ ಜಮೀನಲ್ಲ, ನೇರ ಹಣ: ಪ್ರತಿ ರಾಜ್ಯಕ್ಕೆ ಮೊದಲ ವರ್ಷ 15,000 ಡಾಲರ್, ವರ್ಷಕ್ಕೆ 1,000ದಂತೆ ಏರಿ 25,000ಕ್ಕೆ ನಿಲ್ಲಬೇಕು.

ಇದರಲ್ಲಿ ಒಂದು ಷರತ್ತಿತ್ತು. ಪ್ರವೇಶದಲ್ಲಿ ಬಣ್ಣ ನೋಡುವ ಕಾಲೇಜಿಗೆ ಹಣವಿಲ್ಲ. ಆದರೆ ಅದರ ಬೆನ್ನಿಗೇ ಒಂದು ಸಡಿಲಿಕೆ: ಕಪ್ಪು ವಿದ್ಯಾರ್ಥಿಗಳಿಗೆ ಬೇರೆ ಕಾಲೇಜು ಇಟ್ಟು ಹಣವನ್ನು ನ್ಯಾಯವಾಗಿ ಹಂಚಿದರೆ ಸಾಕು. ದಕ್ಷಿಣದ ರಾಜ್ಯಗಳು ಈ ಎರಡನೇ ದಾರಿಯನ್ನೇ ಹಿಡಿದವು. ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ, ಫ್ಲೋರಿಡಾ ಎ ಅಂಡ್ ಎಂ, ಪ್ರೇರಿ ವ್ಯೂ ಮುಂತಾದವು ಹೀಗೆ ‘1890ರ ಸಂಸ್ಥೆಗಳು’ ಎನಿಸಿಕೊಂಡವು. ಈಗ ಅಂಥವು 19 ಇವೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಮಕ್ಕಳಿಗೆ ಇವು ದೊಡ್ಡ ಆಸರೆ. ಆದರೆ ‘ನ್ಯಾಯವಾಗಿ’ ಎಂಬ ಪದ ಕಾಗದದಲ್ಲೇ ಉಳಿಯಿತು. 2023ರಲ್ಲಿ ಅಮೆರಿಕದ ಶಿಕ್ಷಣ ಮತ್ತು ಕೃಷಿ ಇಲಾಖೆಗಳು 16 ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದು, 1987ರಿಂದ 2020ರವರೆಗೆ ಈ ಸಂಸ್ಥೆಗಳಿಗೆ ಒಟ್ಟು 1,200 ಕೋಟಿ ಡಾಲರಿಗೂ ಹೆಚ್ಚು ಕಡಿಮೆ ಕೊಟ್ಟಿದ್ದೀರಿ ಎಂದು ಲೆಕ್ಕ ಮುಂದಿಟ್ಟವು.

ಉಳಿದ ರಾಜಕಾರಣ

ಬದುಕಿದ್ದಾಗ ಮೊರಿಲ್ ಹೆಸರು ಕಾಲೇಜಿಗಿಂತ ತೆರಿಗೆಗೇ ಹೆಚ್ಚು ಅಂಟಿಕೊಂಡಿತ್ತು. 1861ರ ‘ಮೊರಿಲ್ ಟ್ಯಾರಿಫ್’ ವಿದೇಶಿ ಸರಕಿನ ಮೇಲೆ ಸುಂಕ ಏರಿಸಿತು. ಅದಕ್ಕೆ ಸಹಿ ಹಾಕಿದ್ದು, ಕಾಲೇಜು ಮಸೂದೆಗೆ ವೀಟೋ ಹಾಕಿದ ಅದೇ ಬ್ಯುಕ್ಯಾನನ್! 1862ರಲ್ಲೇ ಬಂದ ಬಹುಪತ್ನಿತ್ವ ವಿರೋಧಿ ಕಾಯ್ದೆಯೂ ಇವರದೇ. ಸೆನೆಟ್‌ನ ಹಣಕಾಸು ಸಮಿತಿಗೆ ಹಲವು ವರ್ಷ ಅಧ್ಯಕ್ಷರಾಗಿದ್ದರು. ಕ್ಯಾಪಿಟಲ್ ಕಟ್ಟಡದಲ್ಲಿ ಪ್ರತಿ ರಾಜ್ಯದ ಪ್ರತಿಮೆಗಳನ್ನಿಟ್ಟ ಸ್ಟ್ಯಾಚುಅರಿ ಹಾಲ್ ಅವರ ಸಲಹೆ. ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸ್ವಂತ ಕಟ್ಟಡ ಬೇಕೆಂದು ವರ್ಷಗಟ್ಟಲೆ ವಾದಿಸಿದರು. 1897ರಲ್ಲಿ ಅದು ತೆರೆದದ್ದನ್ನೂ ನೋಡಿದರು. 1898ರ ಡಿಸೆಂಬರ್ 28ರಂದು, 88ನೇ ವಯಸ್ಸಿನಲ್ಲಿ, ಸೆನೆಟರ್ ಆಗಿರುವಾಗಲೇ ತೀರಿಕೊಂಡರು.

ಹೆಬ್ಬಾಳದವರೆಗೆ

ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯದ ಕೆಲಸ ಬರೀ ಪಾಠವಲ್ಲ. 1887ರ ಹ್ಯಾಚ್ ಕಾಯ್ದೆ ಪ್ರಯೋಗ ಕೇಂದ್ರಗಳನ್ನೂ, 1914ರ ಸ್ಮಿತ್-ಲೀವರ್ ಕಾಯ್ದೆ ರೈತರ ಮನೆಬಾಗಿಲಿಗೆ ವಿಷಯ ಮುಟ್ಟಿಸುವ ವಿಸ್ತರಣೆಯನ್ನೂ ಸೇರಿಸಿದವು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಈ ಮೂರರ ಜೋಡಣೆ 1960ರ ದಶಕದಲ್ಲಿ ಭಾರತಕ್ಕೂ ಬಂತು. 1960ರಲ್ಲಿ ಪಂತ್‌ನಗರ ಮೊದಲು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇದೇ ಮಾದರಿಯಲ್ಲಿ ಶುರುವಾದಾಗ ಹೆಬ್ಬಾಳ ಮತ್ತು ಧಾರವಾಡದ ಕೃಷಿ ಕಾಲೇಜುಗಳು ಅದರೊಳಗೆ ಬಂದವು. ಅದಕ್ಕೆ ನೆರವಾದದ್ದು ಟೆನೆಸಿ ವಿಶ್ವವಿದ್ಯಾಲಯ. ಅದೂ ಮೊರಿಲ್ ಕಾಯ್ದೆಯ ಪಾಲು ಪಡೆದ ಸಂಸ್ಥೆಯೇ. ನಮ್ಮ ಮನೆಯ ಹಿರಿಯರು ಜಿಕೆವಿಕೆ ಕೃಷಿ ಮೇಳಕ್ಕೆ ಹೋಗಿ ರಾಗಿ ತಳಿ ನೋಡಿ ಬರುತ್ತಾರಲ್ಲ, ವಿಶ್ವವಿದ್ಯಾಲಯ ಅನ್ನೋದು ರೈತನಿಗೂ ಸೇರಿದ್ದು ಎಂಬ ಆ ನಂಬಿಕೆಯ ಒಂದು ಬೇರು ಇಲ್ಲಿದೆ.

ನಮಗೇನು?

ನಾವು ಇಲ್ಲಿ ಹೊರದೇಶದ ವಿದ್ಯಾರ್ಥಿಗಳ ಫೀ ಕಟ್ಟಿ ಓದುವವರು. ಈ ಲ್ಯಾಬು, ಈ ಗ್ರಂಥಾಲಯ ನಮ್ಮ ಫೀಯಿಂದಲೇ ನಡೆಯುತ್ತಿದೆ ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಆದರೆ ಇದರ ಅಡಿಪಾಯ ಹಾಕಿದ್ದು ಸಾರ್ವಜನಿಕ ಆಸ್ತಿ, ಮತ್ತು ಆ ಆಸ್ತಿ ಸಾರ್ವಜನಿಕವಾಗುವ ಮುಂಚೆ ಬೇರೆಯವರ ಮನೆಯಾಗಿತ್ತು. ಈ ಎರಡನ್ನೂ ತಿಳಿದು ಓದಿದರೆ ನಮ್ಮ ಡಿಗ್ರಿಯ ತೂಕ ಕಡಿಮೆಯಾಗಲ್ಲ, ನಾವು ಯಾರಿಗೆ ಋಣಿ ಎಂಬುದು ಸ್ಪಷ್ಟವಾಗುತ್ತದೆ.

ಮುಂದಿನ ಓದಿನ ಬಳಗದಲ್ಲಿ ಚರ್ಚೆಗೆ ನಾಲ್ಕು ಪ್ರಶ್ನೆಗಳನ್ನು ಇಡುತ್ತಿದ್ದೇವೆ.

1. ನಿಮ್ಮ ವಿಶ್ವವಿದ್ಯಾಲಯ ಲ್ಯಾಂಡ್ ಗ್ರಾಂಟ್ ಸಂಸ್ಥೆಯೇ? ಹೌದಾದರೆ 1862, 1890, 1994, ಯಾವ ಪಟ್ಟಿಯದು? ಅದರ ಪಾಲಿನ ಜಮೀನು ಎಲ್ಲಿತ್ತು, ಯಾವ ಜನಾಂಗದ್ದು?

2. ಬ್ಯುಕ್ಯಾನನ್ ಕೊಟ್ಟ ಕಾರಣಗಳಲ್ಲಿ ದಳ್ಳಾಳಿಗಳ ಬಗೆಗಿನದು ಎಷ್ಟು ನಿಜವಾಯಿತು? ರೋಡ್ ಐಲೆಂಡ್ ಮತ್ತು ನ್ಯೂಯಾರ್ಕ್ ಎರಡನ್ನೂ ಇಟ್ಟುಕೊಂಡು ಯೋಚಿಸಿ.

3. 1890ರ ಸಡಿಲಿಕೆ ಇಲ್ಲದಿದ್ದರೆ ಕಾಯ್ದೆ ಪಾಸಾಗುತ್ತಿತ್ತೇ? ಪಾಸಾಗದಿದ್ದರೂ ಪರವಾಗಿಲ್ಲ, ಷರತ್ತು ಬಿಡಬಾರದಿತ್ತು ಎನ್ನುವಿರಾ?

4. ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ‘ವಿಸ್ತರಣೆ’ಯಂಥ ಹೊಣೆ ಕೊಟ್ಟರೆ ಅದು ಹೇಗಿರಬೇಕು? ಗ್ಯಾರೇಜಿನವರು, ನೇಕಾರರು, ಪಂಪ್‌ಸೆಟ್ ರಿಪೇರಿಯವರು ಕಾಲೇಜಿಗೆ ಬಂದು ಏನು ಕೇಳಬಹುದು?

ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಸಂಜೆ ಸಾಕು. ಅದನ್ನು ಹುಡುಕಿಕೊಂಡು ಬನ್ನಿ, ಉಳಿದ ಮೂರನ್ನು ಕೂತು ಮಾತಾಡೋಣ.